ಖಂಡೆನವಮಿಯ ಬ್ರೇಕು

ಇವತ್ತು ಸಂಜೆ ಒಗ್ಗರಣೆಗೆಂದು ಒಲೆಯ ಮೇಲೆ ಶೇಂಗಾ ಎಣ್ಣೆ ಇಟ್ಟು ಸಾಸಿವೆ ಡಬ್ಬಿ ಹುಡುಕುತ್ತ ನಿಂತೆ. ಡಬ್ಬಿ ಎಲ್ಲಿಯೂ ಹೋಗಿರಲಿಲ್ಲ, ನನ್ನ ಕಣ್ಣೆದುರಿಗೇ ಇತ್ತು, ಕಾಣಲಿಲ್ಲ ಅಷ್ಟೇ. ಅದು ಕಾಣುವಷ್ಟರಲ್ಲಿ ಎಣ್ಣೆ ಕಾದು ಹೊಗೆಯಾಡತೊಡಗಿತ್ತು. ಹೊರಗೆ ಹಾಲ್‌ನಲ್ಲಿ ಪೇಪರ್ ಹಿಡಿದು ಕೂತಿದ್ದ ನಮ್ಮವರು ಮೂಸಿದ ಸದ್ದು ಕೇಳಿಸಿತು.

“ಏನ ಸುಡ್ಲಿಕ್ಕತ್ತದ?”

“ನಿಮ್ಮ ಬ್ರೇಕು,” ಅಂದೆ.

ಬಾಗಿಲಿನಿಂದ ಇಣುಕಿ ನೋಡಿದೆ. ಪೇಪರ್ ಸ್ವಲ್ಪ ಮೇಲೇರಿ ಅವರ ಮುಖವನ್ನು ಪೂರ್ತಿ ಮುಚ್ಚಿತ್ತು.

ಬ್ರೇಕಿಗೂ ಒಗ್ಗರಣೆಗೂ ಏನು ಸಂಬಂಧ ಎಂದು ನೀವು ಕೇಳುತ್ತೀರಿ. ಕೇಳಬೇಕಾದದ್ದೇ. ರಾತ್ರಿ ಊಟಕ್ಕೆ ಮಂದಿ ಬರುವವರಿದ್ದಾರೆ, ಆದರೂ ಪಲ್ಯ ಕುದಿಯುವವರೆಗೆ ನನಗೆ ಪುರಸೊತ್ತಿದೆ. ಬನ್ನಿ, ಕೂತುಕೊಳ್ಳಿ, ಹೇಳುತ್ತೇನೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಪುಣೆಯ ಧನಕವಡಿಯಲ್ಲಿ ಸೊಸೈಟಿ ಎಂದು ಕರೆಯುವ ಫ್ಲ್ಯಾಟುಗಳ ಕಟ್ಟಡವೊಂದರ ಕೆಳಮಹಡಿಯಲ್ಲಿ ನಮ್ಮ ಮನೆ. ನಮ್ಮವರು, ನಾನು, ವಿಜಾಪುರದಿಂದ ನಮ್ಮ ಜೊತೆ ಬಂದಿದ್ದ ಅತ್ತೆ, ಇಷ್ಟೇ ಜನ. ನಮ್ಮವರದು ಒಂದು ಖಾಸಗಿ ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ಕ್ಲಾರ್ಕ್ ಕೆಲಸ. ಆದರೆ ತಾವು ಹುಟ್ಟಿದ್ದು ಆ ಕೆಲಸಕ್ಕಲ್ಲವೆಂದು ಅವರಿಗೆ ಗಾಢವಾದ ನಂಬಿಕೆ. ಸ್ಪ್ಯಾನರ್ ಹಿಡಿಯಬೇಕಾದ ಕೈಗೆ ಯಾರೋ ಪೆನ್ನು ಕೊಟ್ಟು ಕೆಡಿಸಿದ್ದರಂತೆ. ಹಾಗಾಗಿ ಮನೆಯಲ್ಲಿ ಕೆಟ್ಟ ಯಾವ ವಸ್ತುವೂ ಹೊರಗೆ ರಿಪೇರಿಗೆ ಹೋಗುವಂತಿರಲಿಲ್ಲ. “ಮಂದಿ ಕೈಗೆ ಕೊಟ್ರ ಸಾಮಾನು ಕೆಡತಾವ,” ಎನ್ನುತ್ತಿದ್ದರು. ತಮ್ಮ ಕೈಯಲ್ಲಿ ಏನಾಗುತ್ತದೆ ಎಂಬುದರ ಬಗ್ಗೆ ಅವರ ಅಭಿಪ್ರಾಯ ಬೇರೆ ಇತ್ತು. ಅವರು ರಿಪೇರಿ ಮಾಡಿದ ಮಿಕ್ಸರನ್ನು ಚಾಲೂ ಮಾಡಬೇಕಾದರೆ ನಾನು ರಬ್ಬರ್ ಚಪ್ಪಲಿ ಹಾಕಿಕೊಂಡು ನಿಲ್ಲಬೇಕಾಗಿತ್ತು. ಇಸ್ತ್ರಿಪೆಟ್ಟಿಗೆ ಅವರ ಕೈಯಿಂದ ಹೊರಬಂದ ಮೇಲೆ ಒಂದೇ ಒಂದು ವಿದ್ಯೆ ಉಳಿಸಿಕೊಂಡಿತ್ತು, ಸುಡುವುದು. ಪ್ರತಿ ರಿಪೇರಿಯ ಕೊನೆಗೂ ನೆಲದ ಮೇಲೆ ಒಂದೆರಡು ಸ್ಕ್ರೂ ಉಳಿದಿರುತ್ತಿದ್ದವು. ಅವನ್ನು ಎತ್ತಿ ಒಂದು ಡಬ್ಬಿಗೆ ಹಾಕುತ್ತ, “ಕಂಪನಿಯವ್ರು ಸುಮ್ಮ ಸುಮ್ಮನ ಜಾಸ್ತಿ ಹಾಕಿರ್ತಾರ,” ಎನ್ನುತ್ತಿದ್ದರು.

ಇಂಥವರು ಒಂದು ಕಾರು ಕೊಂಡರು. ಪಕ್ಕದ ಕೊಂಢವಾ ಬಡಾವಣೆಯ ಯಾರೋ ಒಬ್ಬರು ಬಳಸಿ ಬಿಟ್ಟ, ಬಿಳಿ ಬಣ್ಣದ ಸಣ್ಣ ಕಾರು. ಅದು ಮನೆಗೆ ಬಂದ ದಿನ ಅತ್ತೆ ದೃಷ್ಟಿ ತೆಗೆದರು, ನಾನು ಹಳೆಯ ಹಾಸಿಗೆ ಬಟ್ಟೆಗಳನ್ನು ಜೋಡಿಸಿ ಅದಕ್ಕೊಂದು ಹೊದಿಕೆ ಹೊಲಿದೆ. ಆ ಹೊದಿಕೆಯೊಳಗೇ ಅದರ ಬಾಳುವೆಯ ಬಹುಭಾಗ ಕಳೆಯಿತು. ನಮ್ಮವರು ಆಫೀಸಿಗೆ ಸ್ಕೂಟರಿನ ಮೇಲೆ ಹೋಗುವವರು. ಕಾರು ಭಾನುವಾರ ಮಾತ್ರ ಎದ್ದು, ಮೈತೊಳೆದುಕೊಂಡು, ಹತ್ತಿರದ ಕತ್ರಜ್‌ವರೆಗೆ ಹೋಗಿಬಂದು, ಮತ್ತೆ ಮಲಗುವುದು. ನಾನಾಗ ಕೊಂಢವಾದ ಒಂದು ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತಿದ್ದೆ. ಎರಡು ಬಸ್ಸು ಬದಲಿಸಿ ಹೋಗಬೇಕು, ಎರಡು ಬದಲಿಸಿ ಬರಬೇಕು. ಬೆಳಿಗ್ಗೆ ಹೊದ್ದು ಮಲಗಿದ ಆ ಕಾರಿನ ಪಕ್ಕದಿಂದಲೇ ಹಾದು, ಬಸ್ ಸ್ಟಾಪಿನತ್ತ ಓಡುತ್ತಿದ್ದೆ. ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ.

ನಾನು ಕಾರು ಕಲಿತದ್ದೂ ಅವರ ದೊಡ್ಡಸ್ತಿಕೆಯಿಂದಲೇ. ಅವರ ಆಫೀಸಿನ ಹೆಡ್ ಕ್ಲಾರ್ಕಿನ ಹೆಂಡತಿ ಕಾರು ನಡೆಸಿಕೊಂಡು ಬಂದು ಗಂಡನನ್ನು ಗೇಟಿನಲ್ಲಿ ಇಳಿಸಿ ಹೋದದ್ದನ್ನು ಒಂದು ದಿನ ನೋಡಿದರು. ಅದೇ ವಾರ ನನ್ನನ್ನು ಡ್ರೈವಿಂಗ್ ಕ್ಲಾಸಿಗೆ ಸೇರಿಸಿದರು. ನಾನು ಮೊದಲ ಸಲಕ್ಕೇ ಪರೀಕ್ಷೆ ಪಾಸಾಗಿ ಲೈಸೆನ್ಸ್ ತಂದೆ. ಅವರು ಎಷ್ಟನೆಯ ಸಲಕ್ಕೆ ಪಾಸಾಗಿದ್ದರು ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಸಂಸಾರ ನಡೆಸಬೇಕಲ್ಲ. ಲೈಸೆನ್ಸನ್ನು ಹಿಂದೆಮುಂದೆ ತಿರುಗಿಸಿ ನೋಡಿ, ಫೋಟೋ ಚೆನ್ನಾಗಿ ಬಂದಿಲ್ಲವೆಂದು ಹೇಳಿ, ವಾಪಸು ಕೊಟ್ಟರು.

“ಬ್ರೇಕ್ ಸ್ವಲ್ಪ ಬಿಗಿ ಅದ. ಸರಿ ಮಾಡ್ತೀನಿ, ಆಮ್ಯಾಲೆ ನೀ ಗಾಡಿ ಹೊಡಿ.”

ಬ್ರೇಕು ಬಿಗಿಯಾಗಿದ್ದದ್ದು ನಿಜವೇ. ಒತ್ತಿದಾಗ ಕುಂಯ್ ಎನ್ನುತ್ತಿತ್ತು, ಬಿಟ್ಟಾಗಲೂ ಹಿಡಿದುಕೊಂಡೇ ಇರುತ್ತಿತ್ತು. ಆದರೆ ಅದು ಅವರಿಗೆ ಅಡ್ಡಿಯಾಗಿರಲಿಲ್ಲ, ನನಗೆ ಮಾತ್ರ ಅಡ್ಡಿಯಾಗಿತ್ತು. ಮಳೆಗಾಲದಲ್ಲಿ ನೆಲ ಒದ್ದೆ ಎಂದರು. ಗಣಪತಿ ಹಬ್ಬದಲ್ಲಿ ರಸ್ತೆ ತುಂಬ ಮಂದಿ ಎಂದರು. ಪಿತೃಪಕ್ಷದಲ್ಲಿ ಹೊಸ ಕೆಲಸ ಹಿಡಿಯುವಂತಿಲ್ಲ ಎಂದು ಅತ್ತೆ ಹೇಳಿದರು. ಕೊನೆಗೆ ಒಂದು ದಿನ ನಾನು ಚಪಾತಿ ಲಟ್ಟಿಸುವುದನ್ನು ನಿಲ್ಲಿಸಿ, ಲಟ್ಟಣಿಗೆ ಕೈಯಲ್ಲಿ ಹಿಡಿದೇ ಯಾವಾಗ ಎಂದು ಕೇಳಿದೆ. ನನ್ನ ಮುಖ ನೋಡಿದರೋ ಲಟ್ಟಣಿಗೆ ನೋಡಿದರೋ, “ದಸರಾಕ್ಕ,” ಎಂದರು. “ಸೀಮೋಲ್ಲಂಘನಾ ನೀನ ಮಾಡು. ನೀ ಹೊಡಿ, ನಾವು ಹಿಂದ ಕೂಡ್ತೀವಿ. ದೇಹೂ ರೋಡಿಗೆ ಹೋಗಿ ಶಾಂತಕ್ಕಗ ಬನ್ನಿ ಕೊಟ್ಟ ಬರೋಣು.”

ಶಾಂತಕ್ಕ ನಮ್ಮವರ ಅಕ್ಕ. ಅವರ ಯಜಮಾನರಿಗೆ ದೇಹೂ ರೋಡಿನ ಮಿಲಿಟರಿ ಆಫೀಸೊಂದರಲ್ಲಿ ಕೆಲಸ. ಪ್ರತಿ ದಸರೆಗೆ ಬನ್ನಿ ಎಲೆ ಹಿಡಿದು ಅಲ್ಲಿಗೆ ಹೋಗುವುದು, “ಬನ್ನಿ ತಗೊಂಡು ಬಂಗಾರಧಾಂಗ ಇರೋಣ” ಎಂದು ಕೊಟ್ಟು ತೆಗೆದುಕೊಳ್ಳುವುದು ನಮ್ಮ ಮನೆಯ ರೂಢಿ. ಇನ್ನು ಸೀಮೋಲ್ಲಂಘನೆ ಎಂದರೆ ದಸರೆಯ ದಿನ ಊರ ಎಲ್ಲೆ ದಾಟುವುದು. ರಾಜರಿದ್ದಾಗ ದಂಡೆತ್ತಿ ಹೋಗುತ್ತಿದ್ದರಂತೆ. ಅತ್ತೆ ಸೊಸೈಟಿಯ ಗೇಟಿನಾಚೆ ಒಂದು ಕಾಲಿಟ್ಟು, ಅಲ್ಲಿದ್ದ ನಾಯಿಯನ್ನು ನೋಡಿ ಕಾಲು ಹಿಂದಕ್ಕೆಳೆದು, ಆಯಿತೆನ್ನುತ್ತಿದ್ದರು. ನನಗೆ ಅಷ್ಟಕ್ಕೆ ಸಾಲದು. ಇಡೀ ಪುಣೆಯನ್ನು ಈ ಕೊನೆಯಿಂದ ಆ ಕೊನೆಗೆ ಸ್ಟಿಯರಿಂಗ್ ಹಿಡಿದು ದಾಟುವವಳಿದ್ದೆ. ಶಾಲೆಯಲ್ಲಿ ಎಲ್ಲರಿಗೂ ಹೇಳಿಬಿಟ್ಟಿದ್ದೆ. ಅಡುಗೆಮನೆಯಲ್ಲಿ ಲಟ್ಟಣಿಗೆಯನ್ನು ಕಟ್ಟೆಯ ಮೇಲೆ ನಿಲ್ಲಿಸಿ ಮೊದಲನೇ ಗೇರು, ಎರಡನೇ ಗೇರು ಎಂದು ಸರಿಸುತ್ತಿದ್ದೆ. ನಗಬೇಡಿ. ಮದುವೆಗೆ ಕೂಡ ನಾನು ಅಷ್ಟು ಆಸೆಯಿಂದ ತಯಾರಿ ಮಾಡಿರಲಿಲ್ಲ.

ಅಷ್ಟಮಿಯ ದಿನ ಬೆಳಿಗ್ಗೆ ನಮ್ಮವರು ಹಳೆಯ ಪಟ್ಟೆಪಟ್ಟೆ ಪೈಜಾಮ ಹಾಕಿಕೊಂಡು ಪಾರ್ಕಿಂಗಿಗೆ ಇಳಿದರು. ಮೇಲುಗಡೆ ಮನೆಯ ಜೋಶಿ ಕಾಕಾ ಆಗಲೇ ಬಂದು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಈ ಜೋಶಿ ಕಾಕಾ ಮಿಲಿಟರಿ ಖಾತೆಯಲ್ಲಿ ನೌಕರಿ ಮಾಡಿ ರಿಟೈರ್ ಆದವರು. ಯಾರ ಗಾಡಿಯ ಬಾನೆಟ್ ತೆರೆದರೂ, “ಹೇ ತರ್ ಕಾಹೀಚ್ ನಾಹೀ, ಆಮ್ಹೀ ತೋಫಾ ಉಘಡಾಯಚೋ,” ಎನ್ನುವರು. ಇದೇನು ಮಹಾ, ನಾವು ತೋಪುಗಳನ್ನೇ ಬಿಚ್ಚುತ್ತಿದ್ದೆವು ಎಂದು. ಅವರು ಇದ್ದದ್ದು ಕಂಬಳಿ ಹಂಚುವ ವಿಭಾಗದಲ್ಲಿ ಎಂದು ಶಾಂತಕ್ಕನ ಯಜಮಾನರಿಂದ ನಮಗೆ ತಿಳಿದದ್ದು ಬಹಳ ತಡವಾಗಿ. ಅಲ್ಲಿಯವರೆಗೆ ಇಡೀ ಸೊಸೈಟಿ ಅವರ ಮಾತು ಕೇಳಿಯೇ ಸ್ಕೂಟರುಗಳನ್ನು ಕೆಡಿಸಿಕೊಂಡಿತ್ತು.

ಜ್ಯಾಕ್ ಏರಿಸಿ, ಮುಂದಿನ ಎರಡೂ ಕಡೆ ಇಟ್ಟಿಗೆ ಪೇರಿಸಿ, ಹಿಂದಿನ ಗಾಲಿ ಉರುಳದಂತೆ ಅತ್ತೆಯ ಬೀಸುವ ಕಲ್ಲಿನ ಮೇಲ್ಭಾಗವನ್ನು ಅಡ್ಡ ಇಟ್ಟರು. ಅತ್ತೆ ಕೇಳಿದಾಗ ಎರಡು ನಿಮಿಷಕ್ಕೆ ಎಂದರು. ಮುಂದಿನ ಗಾಲಿ ಬಿಚ್ಚಿದಾಗ ಒಳಗೆ ಕಬ್ಬಿಣದ ಒಂದು ತಟ್ಟೆ ಕಂಡಿತು. ಅದೇ ಡಿಸ್ಕು. ಅದನ್ನು ಎರಡೂ ಬದಿಯಿಂದ ಹಿಡಿದುಕೊಂಡಿರುವ ದಪ್ಪನೆಯ ವಸ್ತುವಿಗೆ ಕ್ಯಾಲಿಪರ್ ಎನ್ನುತ್ತಾರೆ. ನಮ್ಮ ಅಡುಗೆಮನೆಯ ಇಕ್ಕಳದ ಕೆಲಸವೇ ಅದರದ್ದೂ. ಗಾಲಿಯ ಜೊತೆ ತಿರುಗುವ ತಟ್ಟೆಯನ್ನು ಬೇಕೆಂದಾಗ ಗಟ್ಟಿಯಾಗಿ ಹಿಡಿಯಬೇಕು, ಬೇಡವೆಂದಾಗ ಬಿಡಬೇಕು. ಹಿಡಿಯುವ ಬಾಯಿಗಳಿಗೆ ಪ್ಯಾಡು ಎಂದು ಹೆಸರು. ಈ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಆಚೀಚೆ ಸರಿಯಬೇಕಂತೆ. ನಮ್ಮ ಗಾಡಿಯಲ್ಲಿ ಆ ಪಿನ್ನುಗಳು ಜಂಗು ಹಿಡಿದು ಅಂಟಿಕೊಂಡಿದ್ದವು. ಹಾಗಾಗಿ ಒಂದು ಬದಿಯ ಪ್ಯಾಡು ಹಗಲುರಾತ್ರಿ ಉಜ್ಜಿಸಿಕೊಂಡು ಚಪಾತಿಯಷ್ಟು ತೆಳ್ಳಗಾಗಿತ್ತು, ಇನ್ನೊಂದು ಬದಿಯದು ಏನೂ ಕೆಲಸವಿಲ್ಲದೆ ದಷ್ಟಪುಷ್ಟವಾಗಿ ಕೂತಿತ್ತು. ಎರಡನ್ನೂ ಅಂಗೈಯಲ್ಲಿ ಹಿಡಿದು ನಮ್ಮವರು, “ನೋಡಿಲ್ಲೆ, ಜೋಡಿ ಅಂದ್ರ ಇಬ್ರೂ ಸರಿಸಮ ದುಡೀಬೇಕು,” ಎಂದು ನನಗೆ ತಿಳಿಹೇಳಿದರು. ನಾನು ಆಗ ಅವರ ಮತ್ತು ಜೋಶಿ ಕಾಕಾರ ಮೂರನೆಯ ಚಹಾ ಹಿಡಿದು ನಿಂತಿದ್ದೆ.

ಕ್ಯಾಲಿಪರನ್ನು ಬಿಚ್ಚಿದ ಮೇಲೆ ಅದನ್ನು ಅದರ ನಳಿಕೆಯಿಂದ ಜೋತುಬಿಡಬಾರದು, ಏನಾದರೂ ಕಟ್ಟಿ ತೂಗುಹಾಕಬೇಕು. ತಂತಿ ಸಿಗಲಿಲ್ಲ. ನನ್ನ ಲಂಗದ ಲಾಡಿ ಹೋಯಿತು. ಇನ್ನೊಂದು ಗಾಲಿಗೆ ಅತ್ತೆಯ ಲಾಡಿ. ಪಿನ್ನುಗಳು ಚಹಾದ ಬಟ್ಟಲಲ್ಲಿ ಸೀಮೆಎಣ್ಣೆ ಕುಡಿಯುತ್ತ ಮಲಗಿದವು. ಅವುಗಳ ಮೇಲಿನ ರಬ್ಬರ್ ಟೊಪ್ಪಿಗೆಗಳನ್ನು ತೊಳೆದು, ಬಟ್ಟೆ ಒಣಹಾಕುವ ಹಗ್ಗಕ್ಕೆ ಕ್ಲಿಪ್ಪು ಹಾಕಿ ಒಣಗಿಸಿದರು. ಬೀದಿಯಲ್ಲಿ ಹೋಗುವವರು ಅವು ಏನಿರಬಹುದೆಂದು ನಿಂತು ನೋಡಿದರು. ಡಿಸ್ಕುಗಳನ್ನು ಮರಳುಕಾಗದದಿಂದ ಉಜ್ಜಿ ಉಜ್ಜಿ ಕನ್ನಡಿ ಮಾಡಿದರು. ಅಷ್ಟರಲ್ಲಿ ಕತ್ತಲಾಯಿತು. ಉಳಿದದ್ದನ್ನು ನಾಳೆ ಜೋಡಿಸಿದರಾಯಿತು ಎಂದು ಮೈತೊಳೆಯಲು ಹೋದರು.

ಮರುದಿನ ನವಮಿ ಎಂಬುದು ಅವರಿಗೆ ಮರೆತಿತ್ತು. ಖಂಡೆನವಮಿ. ಆಯುಧಪೂಜೆಯ ದಿನ.

ನೀವು ನಮ್ಮ ಕಡೆಯವರಾದರೆ ಈಗಾಗಲೇ ನಕ್ಕಿರುತ್ತೀರಿ. ಆ ದಿನ ಮನೆಯಲ್ಲಿರುವ ಕಬ್ಬಿಣವೆಲ್ಲ ದೇವರು. ಈಳಿಗೆ, ಚಾಕು, ಕತ್ತರಿ, ಸುತ್ತಿಗೆ ಎಲ್ಲವನ್ನೂ ತೊಳೆದು, ಎಣ್ಣೆ ಸವರಿ, ಕುಂಕುಮ ಹಚ್ಚಿ ದೇವರ ಜಗುಲಿಯ ಮುಂದೆ ಮಲಗಿಸಿದರೆ ದಸರೆಯ ಬೆಳಿಗ್ಗೆಯವರೆಗೆ ಮುಟ್ಟುವಂತಿಲ್ಲ. ಕಾಯಿಪಲ್ಯ ಕೂಡ ಹಿಂದಿನ ದಿನವೇ ಹೆಚ್ಚಿಟ್ಟುಕೊಳ್ಳಬೇಕು. ನಮ್ಮವರು ಎದ್ದು ಪಾರ್ಕಿಂಗಿಗೆ ಹೋಗಬೇಕೆನ್ನುವಷ್ಟರಲ್ಲಿ ಅವರ ಸ್ಪ್ಯಾನರುಗಳು, ಸ್ಕ್ರೂ ಡ್ರೈವರುಗಳು, ಜ್ಯಾಕಿನ ಹಿಡಿಕೆ, ಪಿನ್ನುಗಳು ಎಲ್ಲವೂ ಲಕ್ಷ್ಮಿಯ ಫೋಟೋದ ಮುಂದೆ ಸಾಲಾಗಿ ಚೆಂಡುಹೂ ಮುಡಿದು ಕೂತಿದ್ದವು.

“ಅವ್ವಾ, ಗಾಡಿ ಬಿಚ್ಚಿ ಬಿಟ್ಟೀನಲ್ಲ,” ಎಂದು ಹಲುಬಿದರು.

“ಬಿಚ್ಚಿದ್ದು ಛಲೋನ ಆತು,” ಎಂದರು ಅತ್ತೆ. “ಒಳಗಿಂದ ಪೂಜಾ ಮಾಡಿದಂಗಾತು.”

ಅತ್ತೆ ಸುಮ್ಮನೆ ಹಾಗೆ ಹೇಳಲಿಲ್ಲ. ಒಗ್ಗರಣೆ ಎಣ್ಣೆಯ ಬಟ್ಟಲು, ಅರಿಶಿಣ ಕುಂಕುಮದ ಕರಡಿಗೆ ಹಿಡಿದು ಪಾರ್ಕಿಂಗಿಗೆ ಬಂದರು. ಅಲ್ಲಿ ಎರಡೂ ಗಾಲಿ ಕಳಚಿಕೊಂಡು ಗಾಡಿ ಇಟ್ಟಿಗೆಯ ಮೇಲೆ ನಿಂತಿತ್ತು, ಡಿಸ್ಕುಗಳು ಬಿಸಿಲಿಗೆ ಥಳಥಳ ಹೊಳೆಯುತ್ತಿದ್ದವು. ಮನೆಯಲ್ಲಿ ಅಷ್ಟು ಹೊಳೆಯುವ ಕಬ್ಬಿಣ ಬೇರೆ ಇರಲಿಲ್ಲ. “ಥೇಟ್ ಚಕ್ರ ಇದ್ದಂಗ ಅದ ನೋಡು,” ಎಂದು ಅತ್ತೆ ಕೈಮುಗಿದರು. ಆಮೇಲೆ ಮೊಮ್ಮಗುವಿಗೆ ಎಣ್ಣೆ ಹಚ್ಚುವ ಅಕ್ಕರೆಯಿಂದ ಎರಡೂ ಡಿಸ್ಕುಗಳಿಗೆ, ಅಲ್ಲೇ ಬಟ್ಟೆಯ ಮೇಲೆ ಇಟ್ಟಿದ್ದ ಪ್ಯಾಡುಗಳಿಗೂ, ಶೇಂಗಾ ಎಣ್ಣೆ ಸವರಿದರು. ಕುಂಕುಮವಿಟ್ಟರು.

ನಾನು ಮೆಲ್ಲಗೆ ನಮ್ಮವರ ಹತ್ತಿರ ಹೋಗಿ ಕೇಳಿದೆ. “ಹಿಡಿಯೂ ಜಾಗಾಕ್ಕ ಎಣ್ಣಿ ಹಚ್ಚಿದ್ರ ಜಾರೂದಿಲ್ಲೇನ್ರಿ?”

“ನಿನಗ ತಿಳಿಯೂದಿಲ್ಲ. ಇದು ಮೆಕ್ಯಾನಿಕಲ್ ಅದ. ಎಣ್ಣಿ ಇದ್ರ ಜಂಗ್ ಹಿಡಿಯೂದಿಲ್ಲ.”

ಜೋಶಿ ಕಾಕಾ ಕುರ್ಚಿಯಿಂದಲೇ ತಲೆಯಾಡಿಸಿ, ತೋಪುಗಳಿಗೂ ತಾವು ಎಣ್ಣೆ ಹಚ್ಚುತ್ತಿದ್ದೆವೆಂದು ಸಾಕ್ಷಿ ನುಡಿದರು. ಕಂಬಳಿಗೆ ಹಚ್ಚುತ್ತಿದ್ದರೋ ಏನೋ. ನಾಳೆ ಗಾಡಿ ನನ್ನ ಕೈಗೆ ಬರುವುದಿತ್ತು. ಇಂದು ವಾದ ಮಾಡಿ ಕೆಡಿಸಿಕೊಳ್ಳುವುದು ಬೇಡ ಎನಿಸಿತು.

ದಸರೆಯ ಬೆಳಿಗ್ಗೆ ಪೂಜೆ ಮುಗಿದ ಕೂಡಲೇ ಆಯುಧಗಳು ದೇವರಿಂದ ಬಿಡುಗಡೆಯಾದವು. ನಮ್ಮವರು ಡಿಸ್ಕಿನ ಕುಂಕುಮವನ್ನಷ್ಟೇ ಭಕ್ತಿಯಿಂದ ಒರೆಸಿ, ಬೆರಳನ್ನು ಕಣ್ಣಿಗೊತ್ತಿಕೊಂಡು, ಎಲ್ಲವನ್ನೂ ಜೋಡಿಸಿದರು. ಲಾಡಿಗಳು ವಾಪಸು ಬಂದವು, ಜಿಡ್ಡು ಹಿಡಿದು. ಬೀಸುವ ಕಲ್ಲು ಒಳಗೆ ಹೋಯಿತು. ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟೆ. ಹಸಿರು ರೇಷ್ಮೆ ಸೀರೆ ಉಟ್ಟಿದ್ದೆ, ಸೆರಗು ಗೇರಿಗೆ ಸಿಕ್ಕಿಕೊಳ್ಳಬಾರದೆಂದು ಸೊಂಟಕ್ಕೆ ಸಿಕ್ಕಿಸಿದ್ದೆ. ಆರತಿ ತಟ್ಟೆ ಕೈಯಲ್ಲಿ. ಬಾಗಿಲು ತೆರೆದು ಒಳಗೆ ಕೂಡಬೇಕೆನ್ನುವಾಗ ನಮ್ಮವರು ಕೈ ಅಡ್ಡ ಮಾಡಿದರು.

“ಮದಲ ನಾ ಒಂದ ಸುತ್ತ ಹಾಕಿ ನೋಡ್ತೀನಿ. ಬ್ರೇಕಿಂದು ಖಾತ್ರಿ ಆಗ್ಲಿ. ಆಮ್ಯಾಲೆ ನೀನ.”

ಜೋಶಿ ಕಾಕಾ ಪಕ್ಕದ ಸೀಟಿನಲ್ಲಿ ಕೂತರು. ಅತ್ತೆ ಒಳಗೆ ನೈವೇದ್ಯದ ತಯಾರಿಯಲ್ಲಿದ್ದರು. ನಾನು ಆರತಿ ತಟ್ಟೆ ಹಿಡಿದು ಗೇಟಿನ ಹತ್ತಿರ ನಿಂತೆ.

ನಮ್ಮ ಪಾರ್ಕಿಂಗಿನಿಂದ ಗೇಟಿನವರೆಗೆ ಇಳಿಜಾರು. ಗೇಟಿನಾಚೆ ಒಂದು ಓಣಿ, ಓಣಿಯ ಆಚೆ ಬದಿಗೆ ದಸರೆಯ ಚೆಂಡುಹೂವಿನ ದೊಡ್ಡ ರಾಶಿ ಹಾಕಿಕೊಂಡು ಒಬ್ಬ ಹೆಂಗಸು ಕೂತಿದ್ದಳು. ಗಾಡಿ ನಿಂಬೆಹಣ್ಣು ಒಡೆದು ಇಳಿಯತೊಡಗಿತು. ಗೇಟು ಹತ್ತಿರವಾದಾಗ ನಮ್ಮವರು ಬ್ರೇಕು ತುಳಿದದ್ದು ಅವರ ಮುಖದಿಂದಲೇ ಗೊತ್ತಾಯಿತು. ಮತ್ತೆ ತುಳಿದರು. ಗಾಜಿನ ಹಿಂದಿನಿಂದ ನನ್ನನ್ನು ನೋಡತೊಡಗಿದರು. ಅಷ್ಟು ವರ್ಷದ ಸಂಸಾರದಲ್ಲಿ ಅವರು ನನ್ನ ಸಲಹೆ ಕೇಳುವವರಂತೆ ನೋಡಿದ್ದು ಅದೇ ಮೊದಲು. ಜೋಶಿ ಕಾಕಾ ಒತ್ತು ಒತ್ತು ಎಂದು ಮರಾಠಿಯಲ್ಲಿ “ದಾಬ್, ದಾಬ್” ಎನ್ನುತ್ತಿದ್ದರು. ಗಾಡಿ ಏನೂ ಅವಸರ ಮಾಡಲಿಲ್ಲ. ನಾನು ಒಂದು ಸುತ್ತು ಆರತಿ ಎತ್ತಬಹುದಿತ್ತು, ಅಷ್ಟು ನಿಧಾನವಾಗಿ ನನ್ನನ್ನು ದಾಟಿ, ಗೇಟು ದಾಟಿ, ಓಣಿ ದಾಟಿ, ಹೂವಿನ ರಾಶಿಯೊಳಗೆ ಹೊಕ್ಕು, ಅದರ ಹಿಂದಿನ ಕಲ್ಲುಕಟ್ಟೆಗೆ ತಾಗಿ ನಿಂತಿತು. ಪುಣ್ಯಕ್ಕೆ ಆ ಹೆಂಗಸು ಮೊದಲೇ ಎದ್ದು ಸರಿದಿದ್ದಳು. ಗಾಡಿ ಪೂರ್ತಿ ನಿಂತ ಮೇಲೆ ನಮ್ಮವರಿಗೆ ಹ್ಯಾಂಡ್‌ಬ್ರೇಕಿನ ನೆನಪಾಯಿತು. ಅದನ್ನು ಬಲವಾಗಿ ಎಳೆದರು.

ಹೂವಿನವಳು ಅವರ ಕಣ್ಣು, ಅವರ ಕಲಿಕೆ, ಅವರ ಗಾಡಿ ಎಲ್ಲವನ್ನೂ ಮರಾಠಿಯಲ್ಲಿ ವಿಚಾರಿಸಿಕೊಂಡಳು. ಹೂವನ್ನೆಲ್ಲ ನಾವೇ ಕೊಂಡೆವು. ಆ ವರ್ಷ ನಮ್ಮ ಸೊಸೈಟಿಯ ಒಂದು ಬಾಗಿಲೂ ತೋರಣವಿಲ್ಲದೆ ಉಳಿಯಲಿಲ್ಲ. ಸೊಸೈಟಿಯ ಸೆಕ್ರೆಟರಿ ಪುಣೆಯ ಪದ್ಧತಿಯಂತೆ ಪಾರ್ಕಿಂಗಿನಲ್ಲಿ ಕುಟುಕುವ ಒಂದು ಫಲಕ ತೂಗುಹಾಕಿದರು. ಬ್ರೇಕ್ ಇರುವವರು ಮಾತ್ರ ವಾಹನ ಹೊರಗೆ ತೆಗೆಯತಕ್ಕದ್ದು, ಇತರರು ಪೂಜೆ ಮಾಡಿಕೊಂಡು ಒಳಗೇ ಇರತಕ್ಕದ್ದು ಎಂದು ಅದರ ಅರ್ಥ.

ಸಂಜೆ ಬಸ್ಸು ಹಿಡಿದು, ಲೋಕಲ್ ರೈಲು ಹಿಡಿದು ದೇಹೂ ರೋಡಿಗೆ ಹೋದೆವು. ಶಾಂತಕ್ಕ ಬಾಗಿಲಲ್ಲೇ ಕೇಳಿದರು. “ಗಾಡಿ ಎಲ್ಲೆ? ಗಾಡಿ ತಗೊಂಡ ಬರ್ತೀವಿ ಅಂದಿದ್ರಲ್ಲ?”

“ಗಾಡಿ ಮುಂಜಾನೆ ಹೂವಿನ ರಾಶಿಗೆ ಬಡೀತು,” ಎಂದರು ನಮ್ಮವರು. ಒಂದು ಉಸಿರು ಬಿಟ್ಟು, “ಇವತ್ತ ಇಕಿ ಹೊಡಿಯೂದಿತ್ತಲ್ಲ,” ಎಂದರು.

ಗಮನಿಸಿದಿರಾ? ಎರಡು ವಾಕ್ಯ, ಎರಡೂ ನಿಜ. ಲೆಕ್ಕಪತ್ರ ವಿಭಾಗದವರ ಕಸುಬೇ ಅದು. ಒಂದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ಸುಮ್ಮನಾದರು. ಶಾಂತಕ್ಕ ಕೂಡಿಸಿಕೊಂಡರು. ಒಳಗಿದ್ದು ಬರೀ ಸದ್ದು ಕೇಳಿದ್ದ ಅತ್ತೆಯೂ ಕೂಡಿಸಿಕೊಂಡರು. “ಪಾಪ, ಅಕಿಗೆ ಯಾರೂ ಏನೂ ಅನಬ್ಯಾಡ್ರಿ,” ಎಂದು ನನ್ನ ಬೆನ್ನ ಮೇಲೆ ಕೈಯಿಟ್ಟರು. “ಹೊಸದಾಗಿ ಕಲ್ತಾಳ. ಜೀವಾ ಉಳೀತಲ್ಲ, ಸಾಕು.” ನಾನು ಮಾಡದ ತಪ್ಪಿಗೆ ಇಷ್ಟು ಪ್ರೀತಿಯಿಂದ ಕ್ಷಮೆ ಸಿಕ್ಕದ್ದು ಅದೊಂದೇ ಸಲ. ನಮ್ಮವರ ಕಡೆ ನೋಡಿದೆ. ಅವರು ಫ್ಯಾನಿನ ರೆಕ್ಕೆ ನೋಡುತ್ತಿದ್ದರು.

ತಿರುಗಿ ಬರುವಾಗ ಲೋಕಲಿನಲ್ಲಿ ಕೇಳಿದೆ. “ಗಾಡ್ಯಾಗ ನೀವಿದ್ರಿ ಅಂತ ಯಾಕ ಹೇಳ್ಲಿಲ್ಲ?”

“ನಾ ಏನ ಸುಳ್ಳ ಹೇಳೀನೇನು? ಇವತ್ತ ನೀ ಹೊಡಿಯೂದಿತ್ತೋ ಇಲ್ಲೋ?”

ಮರುದಿನ ಗಾಡಿಯನ್ನು ಗ್ಯಾರೇಜಿಗೆ ಒಯ್ಯಲೇಬೇಕಾಯಿತು. ನಾನು ಹಿಂದಿನ ಸೀಟಿನಲ್ಲಿದ್ದೆ. ಕತ್ರಜ್‌ವರೆಗೆ ಅವರು ಬ್ರೇಕು ತುಳಿತುಳಿದುಕೊಂಡೇ ಹೋದರು. ಡಿಸ್ಕು ಕಾದು, ಮುಂದಿನ ಎರಡೂ ಗಾಲಿಗಳಿಂದ ಶೇಂಗಾ ಎಣ್ಣೆಯ ಹೊಗೆ ಏಳತೊಡಗಿತು. ಚೌಕಿನಲ್ಲಿ ನಿಂತಿದ್ದವರು ಭಜಿಯ ಗಾಡಿ ಎಲ್ಲಿದೆಯೆಂದು ಸುತ್ತ ನೋಡಿದರು. ಗ್ಯಾರೇಜಿನವನು ಎರಡೇ ಪ್ರಶ್ನೆ ಕೇಳಿದ. ಡಿಸ್ಕಿಗೆ ಎಣ್ಣೆ ಹಚ್ಚಿದವರು ಯಾರು? ಕ್ಯಾಲಿಪರಿನೊಳಗೆ ಪ್ಯಾಡನ್ನು ತಳ್ಳುವ ಪಿಸ್ಟನ್ ಹಿಂದಕ್ಕೊತ್ತಿ ಜೋಡಿಸಿದ ಮೇಲೆ, ಗಾಡಿ ಹೊರಡುವ ಮೊದಲು ಪೆಡಲು ಗಟ್ಟಿಯಾಗುವವರೆಗೆ ತುಳಿದು ನೋಡಲಿಲ್ಲವೇ? ಮೊದಲನೆಯದಕ್ಕೆ ಉತ್ತರ ಅತ್ತೆ, ಎರಡನೆಯದಕ್ಕೆ ನಮ್ಮವರು. ಒಂದು ಕೈ ದೇವರದು, ಇನ್ನೊಂದು ಕೈ ಮನೆಯ ಯಜಮಾನರದು. ಎರಡನ್ನೂ ದೂರುವಂತಿಲ್ಲ. ಮನೆಯಲ್ಲಿ ಉಳಿದವಳು ನಾನೊಬ್ಬಳೇ.

“ಅವ್ವಗ ಹೇಳಬ್ಯಾಡ,” ಎಂದರು ನಮ್ಮವರು ದಾರಿಯಲ್ಲಿ. “ತನ್ನ ಪೂಜಾದಿಂದ ಆತು ಅಂತ ಮನಸಿಗೆ ಹಚ್ಕೋತಾಳ.” ಆ ಮಾತು ಖರೆ. ಗೊತ್ತಾಗಿದ್ದರೆ ಅತ್ತೆ ಮತ್ತೆಂದೂ ನೆಮ್ಮದಿಯಿಂದ ಎಣ್ಣೆಯ ಬಟ್ಟಲು ಮುಟ್ಟುತ್ತಿರಲಿಲ್ಲ. ಅವರ ಮೇಲೆ ನನಗೆ ಪ್ರೀತಿಯಿತ್ತು, ಹಾಗಾಗಿ ಒಪ್ಪಿದೆ. ಆದರೆ ತಾಯಿಯ ಸೆರಗಿನ ಹಿಂದೆ ಆ ಮೀಸೆಯ ಮನುಷ್ಯ ಅಡಗಿ ಕೂತದ್ದೂ ನನಗೆ ಕಾಣುತ್ತಿತ್ತು.

ಕಥೆಗಳು ನಿಂತಲ್ಲಿ ನಿಲ್ಲುವುದಿಲ್ಲ, ಅವಕ್ಕೂ ಬ್ರೇಕಿಲ್ಲ. ಮೊದಮೊದಲು ಕಥೆಯಲ್ಲಿ ನಾನು ಗಾಡಿ ಹೊಡೆಯುವುದಿತ್ತು. ಒಂದೆರಡು ಮದುವೆ, ಮುಂಜಿವೆಗಳಲ್ಲಿ ಹೇಳಿದ ಮೇಲೆ ನಾನೇ ಹೊಡೆದಿದ್ದೆ. ಮುಂದೆ ನಾನು ಬ್ರೇಕಿನ ಬದಲು ಎಕ್ಸಿಲೇಟರ್ ಒತ್ತಿದೆನಂತೆ. ಇದನ್ನು ಸೇರಿಸಿದವರು ಜೋಶಿ ಕಾಕಾ. ಎಣ್ಣೆಗೆ ಸಾಕ್ಷಿ ಹೇಳಿದವರಿಗೆ ತಮ್ಮ ಮಾನವನ್ನೂ ಉಳಿಸಿಕೊಳ್ಳಬೇಕಿತ್ತು. ನಮ್ಮವರು ಕಥೆಯೊಳಗೆ ಒಂದೊಂದೇ ಸೀಟು ಬದಲಿಸುತ್ತ ಬಂದರು. ಮೊದಲು ಪಕ್ಕದ ಸೀಟು, ಆಮೇಲೆ ಹಿಂದಿನ ಸೀಟು, ಕೊನೆಗೆ ಗಾಡಿಯಿಂದಲೇ ಇಳಿದು, ನಾನು ನಿಂತಿದ್ದ ಗೇಟಿನ ಹತ್ತಿರ ನಿಂತು, “ಬ್ರೇಕ್ ಒತ್ತ, ಬ್ರೇಕ್ ಒತ್ತ” ಎಂದು ಕೂಗುವವರಾದರು. ಆ ಕಾರಿನ ಸ್ಟಿಯರಿಂಗ್ ಹಿಂದೆ ನನಗೆ ಜಾಗ ಸಿಕ್ಕಿದ್ದು ಕಥೆಯಲ್ಲಿ ಮಾತ್ರ.

ನಿಜವಾದ ಕಾರು ನನ್ನ ಕೈಗೆ ಬರಲೇ ಇಲ್ಲ. ಬ್ರೇಕು ಸರಿಯಾಗಿ ಬಂದಮೇಲೂ ನಮ್ಮವರು ಕೇಳಿದವರಿಗೆಲ್ಲ, “ಅವತ್ತಿಂದ ಅಕಿಗೆ ಧೈರ್ಯ ಇಲ್ರಿ,” ಎಂದರು. ಹೇಳಿ ಹೇಳಿ ಅವರೂ ನಂಬಿದರು, ಶಾಲೆಯ ಗೆಳತಿಯರೂ ನಂಬಿದರು, ಒಂದೊಂದು ದಿನ ನಾನೂ ನಂಬುತ್ತಿದ್ದೆ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಕ್ಕೆ ಕಾರನ್ನು ಮಾರಿದರು. ನಾನು ಗೇರಿಲ್ಲದ ಒಂದು ಸ್ಕೂಟರ್ ಕೊಂಡು ಕೊಂಢವಾಕ್ಕೆ ಹೋಗಿಬಂದೆ. ಕಾರಿನ ಲೈಸೆನ್ಸು ಕಪಾಟಿನಲ್ಲಿ ಹಾಗೇ ಅವಧಿ ಮುಗಿಸಿತು. ಇಷ್ಟೆಲ್ಲ ನಗುತ್ತ ಹೇಳುತ್ತಿದ್ದೇನೆ, ನೋವಿಲ್ಲ ಎಂದುಕೊಳ್ಳಬೇಡಿ. ಈಗಲೂ ಯಾವಳಾದರೂ ಹೆಂಗಸು ಕಾರನ್ನು ಸಲೀಸಾಗಿ ತಿರುಗಿಸಿ ನಿಲ್ಲಿಸಿದ್ದು ಕಂಡರೆ ನನ್ನ ಎಡಗಾಲು ತಾನಾಗಿ ಕ್ಲಚ್ಚು ಹುಡುಕುತ್ತದೆ. ಅತ್ತೆ ಹೋಗಿಯೂ ಈಗ ಕೆಲವು ವರ್ಷಗಳಾದವು.

ಪಲ್ಯ ಕುದಿಯಿತು, ಮಂದಿಯೂ ಬಂದರು. ಶಾಂತಕ್ಕನ ಮಗಳು ಪಲ್ಲವಿ, ಹೊಸದಾಗಿ ಮದುವೆಯಾದ ಅವಳ ಗಂಡ ವಿನಾಯಕ. ಊಟದ ನಡುವೆ ಹುಡುಗ ಸಲಿಗೆಯಿಂದ ನನ್ನ ಕಡೆ ತಿರುಗಿದ.

“ಮಾಮಿ, ನೀವು ದಸರಾ ದಿನ ಹೂವಿನ ರಾಶಿಗೆ ಗಾಡಿ ಹೊಡದಿದ್ರಂತ? ಪಲ್ಲವಿ ಹೇಳ್ತಿದ್ಲು.”

ನಮ್ಮವರ ಮುಖ ಅರಳಿತು. ಇಂಥ ಶ್ರೋತೃ ಸಿಗುವುದು ಅಪರೂಪ. “ಅದೇನಾತಂದ್ರ,” ಎಂದು ಶುರು ಮಾಡಿದರು. ನಾನು ಸಾರಿನ ಪಾತ್ರೆ ಕೆಳಗಿಟ್ಟೆ.

“ತಡೀರಿ, ನಾ ಹೇಳ್ತೀನಿ. ಗಾಡಿ ಹೊಡದಾಕಿ ನಾನಲ್ಲೇನು?”

ಕೂತುಕೊಂಡು ಹೇಳಿದೆ. ಇಳಿಜಾರಿನಲ್ಲಿ ಗಾಡಿ ಇಳಿಯಿತು. ಗೇಟಿನ ಹತ್ತಿರ ಬ್ರೇಕು ಸ್ವಲ್ಪ ಜಾರಿತು, ನಿಜ. ಆದರೆ ನಾನು ಸ್ಟಿಯರಿಂಗನ್ನು ಬಲಕ್ಕೆ ಎಳೆದೆ, ಒಂದು ಹೂವೂ ನಲುಗಲಿಲ್ಲ. ಎರಡನೆಯ ಸಲ ತುಳಿದಾಗ ಬ್ರೇಕು ಹಿಡಿಯಿತು. ಆಮೇಲೆ ಎರಡನೇ ಗೇರು, ಮೂರನೇ ಗೇರು. ಸಾತಾರಾ ರಸ್ತೆ ಹಿಡಿದು, ಕತ್ರಜ್ ಘಾಟು ಹತ್ತಿ, ಸುರಂಗ ದಾಟಿ, ಆಚೆ ಇಳಿದೆ. ಸೀಮೋಲ್ಲಂಘನೆ ಮಾಡಿಯೇ ಬಂದೆ. ಹೇಳುತ್ತ ಹೇಳುತ್ತ ಘಾಟಿನ ಒಂದೊಂದು ತಿರುವೂ ನನ್ನ ಕೈಗೆ ಬರುತ್ತಿತ್ತು. ವಿನಾಯಕ ಊಟ ಬಿಟ್ಟು ಕೇಳುತ್ತಿದ್ದ.

ನಮ್ಮವರಿಗೆ ತಡೆಯಲಾಗಲಿಲ್ಲ. “ಏ, ಹಂಗೆಲ್ಲ ಆಗಿಲ್ಲಪಾ. ಗಾಡಿ ಸೀದಾ ಹೂವಿಗೇ ಹೋತು. ಎರಡ ಸಲ ಒತ್ತಿದ್ರೂ ಹಿಡೀಲಿಲ್ಲ. ಪೆಡಲ್ ಪೂರಾ ತಳಕ್ಕ ಹೋಗಿತ್ತು.”

“ತಳಕ್ಕ ಹೋಗಿದ್ದು ನಿಮಗ ಹ್ಯಾಂಗ ಗೊತ್ತಾತ್ರಿ?” ಎಂದೆ. “ನೀವು ಗೇಟಿನ ಹತ್ತಿರ ನಿಂತಿದ್ರಲ್ಲ.”

ಪಲ್ಲವಿ ತನ್ನ ಮಾಮಾನ ಮುಖ ನೋಡಿದಳು. ವಿನಾಯಕನೂ ನೋಡಿದ. ನಮ್ಮವರು ಕಲೆಸಿದ ಅನ್ನವನ್ನೇ ಮತ್ತೆ ಕಲೆಸಿದರು. ಈ ಸಲ ಅವರ ಮುಂದೆ ಪೇಪರೂ ಇರಲಿಲ್ಲ, ಅವ್ವನೂ ಇರಲಿಲ್ಲ.

“ಕಾಲು ನಂದಿತ್ತು,” ಎಂದರು.

“ಹಂಗಾದ್ರ ಮಾಮಿ ಆ ಗಾಡಿ ಹೊಡದ ಇಲ್ಲೇನು?” ಎಂದು ಪಲ್ಲವಿ ಕೇಳಿದಳು.

ನಾನು ನಮ್ಮವರ ಕಡೆ ತಿರುಗಿದೆ. ಉತ್ತರ ಕೊಡಬೇಕಾದವಳು ನಾನಲ್ಲ.

“ಇಲ್ಲವಾ,” ಎಂದರು ನಮ್ಮವರು. “ಒಮ್ಮೆನೂ ಕೊಟ್ಟಿಲ್ಲ.”

ಗೆದ್ದೆನೆಂದು ಖುಷಿಪಡಬೇಕಿತ್ತು. ಆದರೆ ಇಷ್ಟು ವರ್ಷ ಸುಳ್ಳಿನಲ್ಲಾದರೂ ನನ್ನ ಕೈಯಲ್ಲಿದ್ದ ಆ ಸ್ಟಿಯರಿಂಗ್ ಈಗ ಹೋಯಿತು ಎನಿಸಿತು. ಮೊಸರು ತರುತ್ತೇನೆಂದು ಹೇಳಿ ಒಳಗೆ ಹೋದೆ.